ಕಪಾಟಿನ ಬೀಗ ಯಾರ ಕೈಯಲ್ಲಿತ್ತು?



ಇವತ್ತು ಆಗಸ್ಟ್ 12, ಗ್ರಂಥಪಾಲಕರ ದಿನ. ಬೆಳಿಗ್ಗೆಯಿಂದ ವಾಟ್ಸಾಪಿನಲ್ಲಿ ಎಸ್.ಆರ್. ರಂಗನಾಥನ್ ಫೋಟೋಗೆ ಹೂ ಹಾಕಿದ್ದೇ ಬರ್ತಾ ಉಂಟು. ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ ಕಾಲೇಜುಗಳ ಲೈಬ್ರರಿಯಲ್ಲಿ ಕೆಲಸ ಮಾಡಿದವ ನಾನು. ಆ ಫೋಟೋಗೆ ನಾನೂ ಪ್ರತಿವರ್ಷ ಹೂ ಹಾಕಿದವನೇ. ಹಾಕಬೇಕಾದ ಮನುಷ್ಯನೇ ಅವರು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ದಿನದ ಭಾಷಣಗಳಲ್ಲಿ ಯಾವಾಗಲೂ ಬಿಟ್ಟುಹೋಗುವ ಒಂದು ಕಥೆ ಉಂಟು. ಅದು ನಮ್ಮ ಜಿಲ್ಲೆಯದ್ದೇ ಕಥೆ. ಉದ್ದ ಆಗ್ತದೆ, ಪುರುಸೊತ್ತಿದ್ದಾಗ ಓದಿ.

ರಂಗನಾಥನ್ ಹುಟ್ಟಿದ್ದು ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ, 1892ರಲ್ಲಿ. ಅವರು ಮೊದಲು ಗಣಿತದ ಮೇಷ್ಟ್ರು ಅಂತ ಎಲ್ಲರಿಗೂ ಗೊತ್ತು. ಆದರೆ 1917ರಲ್ಲಿ ಸರಕಾರಿ ಕೆಲಸಕ್ಕೆ ಸೇರಿದಾಗ ಅವರು ಪಾಠ ಮಾಡಿದ್ದು ಎಲ್ಲಿ ಅಂತ ಕೇಳಿದರೆ ನಮ್ಮ ಕಡೆಯ ಲೈಬ್ರರಿಯನ್‌ಗಳೇ ತಲೆ ಕೆರೀತಾರೆ. ಮಂಗಳೂರಿನ ಗವರ್ನಮೆಂಟ್ ಕಾಲೇಜಿನಲ್ಲಿ ಮಾರಾಯ್ರೆ! ಈಗ ಹಂಪನಕಟ್ಟೆಯಲ್ಲಿ ಯೂನಿವರ್ಸಿಟಿ ಕಾಲೇಜು ಅಂತ ಇರೋದು ಅದೇ ಕಾಲೇಜು. ಆಗ ನಮ್ಮದು ಮದ್ರಾಸ್ ಪ್ರಾಂತದ ದಕ್ಷಿಣ ಕೆನರಾ ಜಿಲ್ಲೆ. ಮಂಗಳೂರು, ಆಮೇಲೆ ಕೊಯಮತ್ತೂರು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಹೀಗೆ ಅವರ ವರ್ಗಾವಣೆ.

ಅದೇ ಹೊತ್ತಿಗೆ ಅದೇ ಮಂಗಳೂರಿನಲ್ಲಿ ಇನ್ನೊಬ್ಬ ರಂಗ ಇದ್ದರು, ಕುದ್ಮುಲ್ ರಂಗರಾವ್. ಸಾರಸ್ವತ ಬ್ರಾಹ್ಮಣ ವಕೀಲರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ನಮ್ಮ ಮಕ್ಕಳಿಗೆ ಶಾಲೆ ತೆರೆದವರು, ಅದಕ್ಕಾಗಿ ಸ್ವಂತ ಜಾತಿಯವರಿಂದ ಬಹಿಷ್ಕಾರ ಹಾಕಿಸಿಕೊಂಡವರು. ರಂಗನಾಥನ್ ಗುಡ್ಡದ ಮೇಲಿನ ಕಾಲೇಜಿನಲ್ಲಿ ಗಣಿತ ಹೇಳ್ತಾ ಇದ್ದಾಗ ರಂಗರಾಯರ ಕೆಲಸಕ್ಕೆ ಇಪ್ಪತ್ತು ವರ್ಷ ಆಗಿತ್ತು. ಇವರಿಬ್ಬರೂ ಕೂತು ಮಾತಾಡಿದರು ಅಂತ ನಾನು ಕಥೆ ಕಟ್ಟುವುದಿಲ್ಲ. ಒಂದೇ ಊರಿನಲ್ಲಿ ಒಬ್ಬರು ನಮ್ಮ ಮಕ್ಕಳಿಗೆ ಅಕ್ಷರ ಕೊಡಿಸ್ತಾ ಇದ್ದರು, ಇನ್ನೊಬ್ಬರು ಮುಂದೆ ಇಡೀ ದೇಶದ ಪುಸ್ತಕದ ಕಪಾಟಿನ ಬೀಗ ತೆಗೆಸುವವರಿದ್ದರು. ಆ ಎರಡು ಕೆಲಸ ಒಂದಕ್ಕೊಂದು ಸೇರಿದ್ದು ಯಾವಾಗ, ಪೂರ್ತಿ ಸೇರಿತಾ ಇಲ್ಲವಾ, ಅದೇ ನನ್ನ ಪ್ರಶ್ನೆ.

1917 ಅಂದೆನಲ್ಲ. ಬಾಬಾಸಾಹೇಬರು ಲಂಡನ್ನಿನಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಬಂದ ವರ್ಷವೂ ಅದೇ. ಅವರ ಪುಸ್ತಕದ ಪೆಟ್ಟಿಗೆಗಳಿದ್ದ ಹಡಗು ಯುದ್ಧದಲ್ಲಿ ಟಾರ್ಪೆಡೊಗೆ ಸಿಕ್ಕಿ ಮುಳುಗಿತು. ಸಾಮಾನಿಗೆ ಸಿಕ್ಕಿದ ಪರಿಹಾರದ ದುಡ್ಡಿನಲ್ಲೇ ಅವರು ಬರೋಡಾಕ್ಕೆ ಹೋದದ್ದು. ಗ್ರಂಥಾಲಯದ ಚರಿತ್ರೆ ಓದುವವರಿಗೆ ಬರೋಡಾ ಅಂದರೆ ಪುಣ್ಯಕ್ಷೇತ್ರ ಇದ್ದ ಹಾಗೆ. ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞನನ್ನು ಕರೆಸಿ ಹಳ್ಳಿಹಳ್ಳಿಗೆ ಉಚಿತ ಲೈಬ್ರರಿ ಕೊಟ್ಟ ಸಂಸ್ಥಾನ. ಅಂಬೇಡ್ಕರರನ್ನು ಅಮೆರಿಕಕ್ಕೆ ಓದಲು ಕಳಿಸಿದ್ದೂ ಅದೇ ರಾಜರು. ಅಂಥ ಊರಿನಲ್ಲಿ ಆ ಮನುಷ್ಯನಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರದಿಂದ ದೊಣ್ಣೆ ತೋರಿಸಿ ಹೊರಗೆ ಹಾಕಿದರು. ಸಾರ್ವಜನಿಕ ತೋಟದಲ್ಲಿ ಕೂತು ರೈಲು ಕಾದರು. ಹಳ್ಳಿಗೊಂದು ಲೈಬ್ರರಿ ಇದ್ದರೂ ಓದಿದವನಿಗೆ ಮಲಗಲಿಕ್ಕೆ ಜಾಗ ಇಲ್ಲ. ಲೈಬ್ರರಿ ಸೈನ್ಸ್ ಪರೀಕ್ಷೆಗೆ ನಾವು ಬರೋಡಾದ ಬಗ್ಗೆ ಪುಟಗಟ್ಟಲೆ ಬರೆದಿದ್ದೇವೆ. ಇದನ್ನು ಬರೆದ ನೆನಪಿಲ್ಲ, ಯಾಕೆಂದರೆ ಪಾಠದಲ್ಲಿ ಇರಲೇ ಇಲ್ಲ.

ಇನ್ನು 1924. ಜನವರಿಯಲ್ಲಿ ರಂಗನಾಥನ್ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಸಂಬಳ ಜಾಸ್ತಿ ಅಂತ ಒಪ್ಪಿಕೊಂಡ ಕೆಲಸ. ಆದರೆ ಜನವೇ ಬಾರದ ಆ ಲೈಬ್ರರಿಯಲ್ಲಿ ಕೂತು ಬೋರಾಗಿ, ವಾಪಸ್ ಗಣಿತಕ್ಕೇ ಕಳಿಸಿ ಅಂತ ಓಡಿ ಹೋಗಿದ್ದರು. ಲಂಡನ್ನಿಗೆ ಹೋಗಿ ಕಲಿತು ಬಂದ ಮೇಲೇ ಅವರು ಬದಲಾದದ್ದು. ಅಲ್ಲಿ ಅವರು ಕಂಡದ್ದು ತೆರೆದ ಕಪಾಟು. ಓದುಗ ತಾನೇ ಒಳಗೆ ಹೋಗ್ತಾನೆ, ಪುಸ್ತಕ ಮುಟ್ತಾನೆ, ತೆಗೀತಾನೆ, ಬೇಡ ಅಂದರೆ ಇಡ್ತಾನೆ. ನಮ್ಮಲ್ಲಿ ಆಗ ಪುಸ್ತಕ ಬೀಗದೊಳಗೆ, ಓದುಗ ಕಟಕಟೆಯ ಹೊರಗೆ. ವಾಪಸ್ ಬಂದವರು ಮದ್ರಾಸಿನಲ್ಲಿ ಬೀಗ ತೆಗೆಸಿದರು. 1931ರಲ್ಲಿ ಬಂದ ಅವರ ಪಂಚಸೂತ್ರಗಳ ಪುಸ್ತಕದ ಬುನಾದಿಯೇ ಇದು. ಪುಸ್ತಕ ಇರೋದು ಕಾಪಾಡಿ ಇಡಲಿಕ್ಕಲ್ಲ, ಓದಲಿಕ್ಕೆ. ಮತ್ತೆ ಅದು ಯಾರೋ ಕೆಲವರಿಗಲ್ಲ, ಎಲ್ಲರಿಗೂ.

ಅದೇ 1924ರಲ್ಲಿ, ಅದೇ ಮದ್ರಾಸಿನ ವಿಧಾನ ಪರಿಷತ್ತಿನಲ್ಲಿ, ರೆಟ್ಟಮಲೈ ಶ್ರೀನಿವಾಸನ್ ಒಂದು ಠರಾವು ಪಾಸು ಮಾಡಿಸಿದರು. ಎಂತ ಠರಾವು? ಶೋಷಿತ ಜಾತಿಯವರು ಸಾರ್ವಜನಿಕ ರಸ್ತೆಯಲ್ಲಿ ನಡೆಯಬಹುದು, ಸಾರ್ವಜನಿಕ ಬಾವಿ, ಕಟ್ಟಡ ಬಳಸಬಹುದು ಅಂತ. ಮುಂಬೈಯಲ್ಲಿ ಎಸ್.ಕೆ. ಬೋಲೆಯವರ ಠರಾವು ಬಂದು ಒಂದೇ ವರ್ಷ ಆಗಿತ್ತು. ಅದೇ ಮುಂದೆ ಮಹಾಡದ ಕೆರೆಗೆ ಹೋಯಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ರಸ್ತೆಯಲ್ಲಿ ನಡೀಲಿಕ್ಕೇ ಠರಾವು ಬೇಕಾಗಿದ್ದ ಪ್ರಾಂತದಲ್ಲಿ "ಎಲ್ಲರಿಗೂ ಪುಸ್ತಕ" ಅಂದರೆ ಆ "ಎಲ್ಲರೂ" ಯಾರು? 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಹಳ್ಳಿಗೆ ಪುಸ್ತಕ ಒಯ್ದರು ಅಂತ ಓದ್ತೇವೆ. ಒಳ್ಳೆ ಕೆಲಸ. ಆದರೆ ನಮ್ಮಂಥವರಿಗೆ ಓದುವಾಗಲೇ ಬರುವ ಸಂಶಯ ಬೇರೆ: ಗಾಡಿ ನಿಂತದ್ದು ಹಳ್ಳಿಯ ಯಾವ ಬದಿಯಲ್ಲಿ?

ಆಗ ಪುತ್ತೂರು ತಾಲೂಕಿನಲ್ಲಿ, ಅಂದರೆ ಈಗಿನ ನಮ್ಮ ಕಡಬದ ಆಲಂಕಾರು ಕಡೆಯೆಲ್ಲ, ನಮ್ಮವರು ಮೂಲದ ಆಳುಗಳು. 1843ರ ಕಾಯಿದೆಯಲ್ಲೇ ಗುಲಾಮಗಿರಿ ಹೋಗಿತ್ತು, ಕಾಗದದಲ್ಲಿ. ಸಾಲದ ಹೆಸರಲ್ಲಿ, ಧಣಿಯ ಹೆಸರಲ್ಲಿ ಚಾಕರಿ ನಡೀತಾ ಇತ್ತು. ಎಂ.ಸಿ. ರಾಜಾ ಅವರ ಹೋರಾಟದಿಂದ 1938ರಲ್ಲಿ ಮದ್ರಾಸಿನಲ್ಲಿ ನಾಗರಿಕ ಅನರ್ಹತೆ ನಿವಾರಣಾ ಕಾಯಿದೆ ಬಂತು. 1948ರಲ್ಲಿ ರಂಗನಾಥನ್ ಪ್ರಯತ್ನದಿಂದ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು, ಸ್ವತಂತ್ರ ಭಾರತಕ್ಕೇ ಮೊದಲನೆಯದು. 1956ರ ತನಕ ನಾವು ಮದ್ರಾಸಿನಲ್ಲೇ ಇದ್ದದ್ದರಿಂದ ಅದು ನಮಗೂ ಲಾಗು. ಮೈಸೂರು ರಾಜ್ಯದ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ನಡುವೆ ಸಂವಿಧಾನ. ಅದರ 15(2)ನೇ ವಿಧಿ ತೆಗೆದು ನೋಡಿ, ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲ ಹೆಸರು ಹಿಡಿದು ಹೇಳಿದ್ದಾರೆ. ಲೈಬ್ರರಿಯ ಹೆಸರಿಲ್ಲ. ಸರಕಾರದ ದುಡ್ಡಿನ ಸಾರ್ವಜನಿಕ ಜಾಗ ಅನ್ನುವುದರೊಳಗೆ ಅದು ಸೇರ್ತದೆ. ನೀರಿಗೇ ಜಗಳ ಮುಗಿಯದಿದ್ದ ದೇಶದಲ್ಲಿ ಪುಸ್ತಕದ ಮಾತು ಹಿಂದೆ ಬಿದ್ದದ್ದು ಆಶ್ಚರ್ಯ ಅಲ್ಲ.

ಈಗ ನನ್ನ ಕೆಲಸದ ವಿಷಯಕ್ಕೆ ಬರ್ತೇನೆ. ಊರಲ್ಲಿ ಯಾರಾದರೂ ಕೇಳಿದರೆ, "ಬೂಕು ಕೊರ್ಪುನ ಬೇಲೆನಾ?" ಅಂತಿದ್ದರು. ಹೌದು, ಪುಸ್ತಕ ಕೊಡುವ ಕೆಲಸ. ಅದರ ಒಳಗೆ ಎಂತ ಉಂಟು ಅಂತ ಹೊರಗಿನವರಿಗೆ ಕಾಣುವುದಿಲ್ಲ.

ನಾನು ಸೇರಿದ ಕಾಲದಲ್ಲೂ, ರಂಗನಾಥನ್ ತೀರಿಹೋಗಿ ಎಷ್ಟೋ ವರ್ಷ ಆದಮೇಲೂ, ಹಲವು ಕಾಲೇಜುಗಳಲ್ಲಿ ಕಪಾಟಿಗೆ ಬೀಗವೇ. ಚೀಟಿಯಲ್ಲಿ ಪುಸ್ತಕದ ಹೆಸರು, ಬರೆದವರ ಹೆಸರು ಬರೆದು ಕೌಂಟರಿಗೆ ಕೊಡಬೇಕು. ಅಪ್ಪ ಪ್ರೊಫೆಸರ್ ಆದ ಹುಡುಗನಿಗೆ ಭೌತಶಾಸ್ತ್ರಕ್ಕೆ ಯಾವ ಪುಸ್ತಕ ಅಂತ ಮನೆಯಲ್ಲೇ ಗೊತ್ತು. ಕಾಲನಿಯಿಂದ ಬಂದ ಮೊದಲ ತಲೆಮಾರಿನ ಹುಡುಗಿ ಚೀಟಿಯಲ್ಲಿ ಎಂತ ಬರೀಬೇಕು? ಅವಳಿಗೆ ಪುಸ್ತಕದ ಹೆಸರೇ ಗೊತ್ತಿಲ್ಲ. ಕೇಳಲಿಕ್ಕೆ ಹೆದರಿಕೆ. ಕೇಳಿದರೆ ಕೌಂಟರಿನವ ಮೇಲೆ ಕೆಳಗೆ ನೋಡ್ತಾನೆ. ತೆರೆದ ಕಪಾಟು ಅನ್ನೋದು ನಮ್ಮ ಮಕ್ಕಳಿಗೆ ಬರೀ ಅನುಕೂಲ ಅಲ್ಲ. ಯಾರ ಮುಖವನ್ನೂ ನೋಡದೆ, ಯಾರ ಬಾಯಿಂದಲೂ ಅನಿಸಿಕೊಳ್ಳದೆ, ಹತ್ತು ಪುಸ್ತಕ ಬಿಡಿಸಿ ನೋಡಿ ಅರ್ಥ ಆಗುವ ಒಂದನ್ನು ಆರಿಸುವ ಅವಕಾಶ. ರಂಗನಾಥನ್ ಇದನ್ನು ನಮ್ಮನ್ನು ನೆನೆದು ಮಾಡಿದರೋ ಇಲ್ಲವೋ, ಲಾಭ ಮಾತ್ರ ನಮಗೇ ಹೆಚ್ಚು.

ಬೀಗ ಹಾಕುವ ಲೈಬ್ರರಿಯನ್‌ಗಳೆಲ್ಲ ಜಾತಿವಾದಿಗಳು ಅಂತ ನಾನು ಹೇಳುವುದಿಲ್ಲ. ಹೆಚ್ಚಿನವರು ಆಡಿಟಿಗೆ ಹೆದರಿದವರು. ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಶನ್, ಪುಸ್ತಕ ಕಾಣದಿದ್ದರೆ ಸಂಬಳದಿಂದ ಮುರೀತಾರೆ ಅನ್ನುವ ಭಯ. ಕೇಂದ್ರ ಸರಕಾರದ ಹಣಕಾಸು ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ: ಬಳಕೆಯಾದ ಸಾವಿರ ಪುಸ್ತಕಕ್ಕೆ ಐದು ಕಾಣೆಯಾದರೆ ಅದು ಸಹಜ ನಷ್ಟ. ಈ ಒಂದು ಸಾಲು ಎಷ್ಟು ಜನರಿಗೆ ಗೊತ್ತು? ನಾನು ಅದನ್ನು ಜೆರಾಕ್ಸ್ ಮಾಡಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಪ್ರಿನ್ಸಿಪಾಲರು ಬದಲಾದಾಗಲೆಲ್ಲ ತೋರಿಸಲಿಕ್ಕೆ.

ಆಮೇಲೆ ಬುಕ್ ಬ್ಯಾಂಕ್. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರ ಇದನ್ನು ಶುರು ಮಾಡಿದ್ದು 1978-79ರಲ್ಲಿ, ಮೊದಲು ಮೆಡಿಕಲ್ ಮತ್ತು ಇಂಜಿನಿಯರಿಂಗಿಗೆ, ಮುಂದೆ ಕೃಷಿ, ಪಶುವೈದ್ಯ, ಪಾಲಿಟೆಕ್ನಿಕ್‌ಗಳಿಗೆ. ವಿಜ್ಞಾನದ ಪುಸ್ತಕ ದುಬಾರಿ, ಆದ್ದರಿಂದ ಇಬ್ಬರಿಗೆ ಒಂದು ಸೆಟ್ ಅಂತ ಲೆಕ್ಕ. ಡಿಗ್ರಿ ಕಾಲೇಜುಗಳಲ್ಲೂ ಬೇರೆ ಅನುದಾನಗಳಿಂದ ಇಂಥದ್ದೇ ಏರ್ಪಾಡು ಬಂತು. ಯೋಜನೆ ಚಿನ್ನದಂಥದ್ದು. ಎಷ್ಟೋ ಡಾಕ್ಟರು, ಇಂಜಿನಿಯರು ಇದರಿಂದಲೇ ಆದವರು. ಆದರೆ ಅದನ್ನು ನಡೆಸುವ ರೀತಿ ನೋಡಬೇಕು. ನಾನು ಒಂದು ಕಾಲೇಜಿಗೆ ಹೋದಾಗ ಬುಕ್ ಬ್ಯಾಂಕಿನ ಕಪಾಟು ಲೈಬ್ರರಿಯ ಒಳಗೇ ಇರಲಿಲ್ಲ, ಹೊರಗಿನ ಜಗಲಿಯಲ್ಲಿ ಇತ್ತು. ಪುಸ್ತಕದ ಮೇಲ್ಬದಿಗೇ ಕೆಂಪು ಶಾಯಿಯಲ್ಲಿ ದೊಡ್ಡ ಸೀಲು: ಎಸ್‌ಸಿ/ಎಸ್‌ಟಿ ಬುಕ್ ಬ್ಯಾಂಕ್. ಕೊಡುವ ದಿನ ನೋಟೀಸ್ ಬೋರ್ಡಿನಲ್ಲಿ ಹೆಸರು, ಕ್ಲಾಸಿಗೆ ಬಂದು ಜೋರಾಗಿ ಕೂಗುವುದು. ಮಕ್ಕಳು ಬರ್ತಾ ಇರಲಿಲ್ಲ. ಬಂದವರು ಪುಸ್ತಕಕ್ಕೆ ಅಲ್ಲೇ ಖಾಕಿ ಬೈಂಡು ಹಾಕಿ ಒಯ್ಯುತ್ತಿದ್ದರು. ಬೈಂಡು ಹಾಕುವುದು ಪುಸ್ತಕ ಹಾಳಾಗಬಾರದು ಅಂತ ಅಲ್ಲ ಅಂತ ನಿಮಗೆ ಹೇಳಬೇಕಾ?

ನಾನು ಮಾಡಿದ್ದು ದೊಡ್ಡ ಕ್ರಾಂತಿ ಏನಲ್ಲ. ಕಪಾಟು ಒಳಗೆ ತಂದೆ. ಸೀಲನ್ನು ಒಳಪುಟಕ್ಕೆ, ಸಣ್ಣದಾಗಿ, ಬೇರೆ ಎಲ್ಲ ಪುಸ್ತಕದ ಸೀಲಿನ ಬಣ್ಣದಲ್ಲೇ ಹಾಕಿಸಿದೆ. ಆಡಿಟಿಗೆ ಅಷ್ಟು ಸಾಕು. ಕೊಡುವುದು ಅದೇ ಕೌಂಟರಿನಲ್ಲಿ, ಅದೇ ಸಾಲಿನಲ್ಲಿ. ಕೂಗುವುದು ನಿಲ್ಲಿಸಿ ಹುಡುಗರು ಸಿಕ್ಕಿದಲ್ಲಿ ಮೆಲ್ಲ ಹೇಳಿದೆ. ಮುಂದಿನ ವರ್ಷ ಕಪಾಟು ಖಾಲಿಯಾಗಲು ಒಂದು ವಾರ ಸಾಕಾಯಿತು. ಇದಕ್ಕೂ ಸಿಬ್ಬಂದಿಯಲ್ಲಿ ಕೆಲವರಿಗೆ ಸಿಟ್ಟು. "ಸರಕಾರದ ಪುಸ್ತಕ ತಗೊಳ್ಳಲಿಕ್ಕೆ ನಾಚಿಕೆ ಎಂತಕ್ಕೆ" ಅಂತ. ಸಹಾಯ ಮಾಡುವಾಗಲೂ ಹಣೆಗೆ ಚೀಟಿ ಅಂಟಿಸಿಯೇ ಮಾಡಬೇಕು ಅನ್ನುವವರು ಇವರು.

ಅದೇ ಲೈಬ್ರರಿಯಲ್ಲಿ ಒಬ್ಬ ಅಟೆಂಡರ್ ಇದ್ದರು, ನಮ್ಮವರೇ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಧೂಳು ಹೊಡೆಯುವ, ಏಣಿ ಹತ್ತುವ, ಗೋಣಿಯಲ್ಲಿ ಬೈಂಡಿಂಗಿಗೆ ಕಟ್ಟುವ ಕೆಲಸ ಹೆಚ್ಚಾಗಿ ನಮ್ಮವರ ಪಾಲು. ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಅಂತ 1907ರಿಂದ ಬರುತ್ತಿದ್ದ ಸೂಚಿ, ಜಗತ್ತಿನ ರಸಾಯನಶಾಸ್ತ್ರದ ಲೇಖನಗಳ ಸಾರ ಎಲ್ಲ ಅದರಲ್ಲಿ. ಒಂದೊಂದು ಸಂಪುಟ ಕಲ್ಲಿನ ಹಾಗೆ ಭಾರ. ಈ ಮನುಷ್ಯನಿಗೆ ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲ. ಆದರೆ ಬೈಂಡಿನ ಬಣ್ಣ, ದಪ್ಪ, ಕಪಾಟಿನ ಮೂಲೆ ನೋಡಿ ಯಾವ ವರ್ಷದ್ದು ಕೇಳಿದರೂ ಕಣ್ಣು ಮುಚ್ಚಿ ತೆಗೆದು ಕೊಡ್ತಿದ್ದರು. ಪಿಎಚ್‌.ಡಿ. ಮಾಡಿದ ಪ್ರೊಫೆಸರುಗಳು ಅವರನ್ನೇ ಹುಡುಕಿಕೊಂಡು ಬರ್ತಿದ್ದರು. ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಎಷ್ಟೋ ಸಲ ಬಂದಿದೆ, ಅವರದ್ದು ಒಂದು ಸಲವೂ ನಾನು ಕಂಡಿಲ್ಲ. 2010ಕ್ಕೆ ಆ ಸೂಚಿಯ ಮುದ್ರಣ ನಿಂತು ಎಲ್ಲ ಕಂಪ್ಯೂಟರಿಗೆ ಹೋಯಿತು. ಅವರ ಆ ವಿದ್ಯೆಯೂ ಅಲ್ಲಿಗೆ ಮುಗಿಯಿತು.

ಡ್ಯೂಯಿ ನಂಬರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೇನೆ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಮಾಡಿದ ವರ್ಗೀಕರಣವೇ ಇವತ್ತಿಗೂ ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ. ರಸಾಯನಶಾಸ್ತ್ರ 540, ಸಸ್ಯಶಾಸ್ತ್ರ 580. ಜಾತಿ ಪದ್ಧತಿಗೆ 305.5122. ದಲಿತರಿಗೆ 305.5688, ಅದು ಬರುವುದು ಸಮಾಜದಿಂದ ಹೊರಗಿಟ್ಟ ವರ್ಗಗಳ ಗುಂಪಿನ ಕೆಳಗೆ. ನಂಬರಿನಲ್ಲೂ ನಾವು ಊರ ಹೊರಗೇ! ಡ್ಯೂಯಿ ತನ್ನ ಕ್ಲಬ್ಬಿಗೆ ಯಹೂದಿಗಳನ್ನು, ಕರಿಯರನ್ನು ಸೇರಿಸದವನು. ಅಮೆರಿಕದ ಗ್ರಂಥಾಲಯ ಸಂಘ 2019ರಲ್ಲಿ ತನ್ನ ಪದಕದಿಂದ ಅವನ ಹೆಸರು ತೆಗೆಯಿತು. ಆದರೆ ವಿಜ್ಞಾನ ಲೈಬ್ರರಿಯ ನಿಜವಾದ ಸಮಸ್ಯೆ ನಂಬರಲ್ಲ. ಅಲ್ಲಿ 500, 600 ಬಿಟ್ಟರೆ 300ರ ಕಪಾಟೇ ಇರುವುದಿಲ್ಲ. ನಮ್ಮ ಬದುಕು ಸಮಾಜಶಾಸ್ತ್ರಕ್ಕೆ, ವಿಜ್ಞಾನ ಬೇರೆಯವರಿಗೆ ಅಂತ ಗೋಡೆ ಹಾಕಿದ ಹಾಗೆ. ಬಾಬಾಸಾಹೇಬರು 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಅದನ್ನು ಕಲಾ ಮತ್ತು ವಿಜ್ಞಾನ ಕಾಲೇಜು ಅಂತಲೇ ತೆರೆದದ್ದು. ನಮ್ಮವರು ಇದನ್ನು ಮರೀಬಾರದು.

ಯಾಕೆ ಹೇಳ್ತೇನೆ ಅಂದರೆ ವಿಜ್ಞಾನದ ಕಪಾಟಿನಲ್ಲಿ ನಮ್ಮದೇ ಮೈಯ ಕಥೆ ಉಂಟು. ಮೈಸೂರು ಸರಕಾರದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಬುಲೆಟಿನ್ ಬರೆದರು. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ನಮ್ಮ ಅಡಿಕೆ ತೋಟಗಳಿಗೆ ಬಂದ ದಾರಿ ಅದು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಕಂಡದ್ದು ಮುಟ್ಟಾಳೆ ಇಟ್ಟು, ಕಾಲಿಗೆ ತಳೆ ಹಾಕಿ, ಮಳೆಗಾಲದ ಜಾರುವ ಮರ ಹತ್ತಿ ಮದ್ದು ಬಿಡುತ್ತಿದ್ದ ಆಲಂಕಾರಿನ ನಮ್ಮ ಗಂಡಸರು. ನೀಲಿ ಹತ್ತಿದ ಅಂಗಿ, ಉರಿಯುವ ಕಣ್ಣು. ರೋಗದ ಬಗ್ಗೆ ಬೇಕಾದಷ್ಟು ಲೇಖನ ಉಂಟು. ಹತ್ತಿದವನ ಬಗ್ಗೆ ಹುಡುಕಿದರೆ ಕೈಗೆ ಸಿಗುವುದು ತೀರ ಕಡಿಮೆ.

ಎಂಡೋಸಲ್ಫಾನ್ ವಿಷಯಕ್ಕೆ ಬಂದರೆ ಇದು ಬರೀ ಬೇಸರದ ಮಾತಲ್ಲ. ಕಾಸರಗೋಡಿನ ಎಣ್ಮಕಜೆಯಲ್ಲಿ, ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಗಳಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ಎಲ್ಲರಿಗೂ ಗೊತ್ತು. ಕೆಳಗೆ ಗೇರುಬೀಜ ಹೆಕ್ಕುತ್ತಿದ್ದವರು ಬಡವರು. ಪಡ್ರೆಯ ಡಾಕ್ಟರ್ ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇಂಥವರು ಕೂಗಿದರೂ, "ವೈಜ್ಞಾನಿಕ ಪುರಾವೆ ಎಲ್ಲಿ?" ಅಂತಲೇ ಉತ್ತರ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಶಾಲಾ ಹುಡುಗರನ್ನೂ, ವಿಷ ಸಿಂಪಡಿಸದ ಬೇರೆ ಹಳ್ಳಿಯ 90 ಹುಡುಗರನ್ನೂ ಪರೀಕ್ಷಿಸಿ, ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆ ಅಂತ 2003ರ ಕೊನೆಗೆ ಬರೆದರು. ಅದು ಅಚ್ಚಾದದ್ದು ಅಮೆರಿಕ ಸರಕಾರದ ಸಂಸ್ಥೆಯೊಂದರ ಪರಿಸರ ಆರೋಗ್ಯ ಪತ್ರಿಕೆಯಲ್ಲಿ. ನಮ್ಮ ಪುಣ್ಯ, ಅದು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದಾದ ಪತ್ರಿಕೆ. ಊರ ಕಡೆಯ ಹುಡುಗರು ಕೇಳಿದಾಗ ನಾನು ಇಳಿಸಿ, ಪ್ರಿಂಟ್ ತೆಗೆದು, ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದು ಕೊಟ್ಟೆ. ಸಭೆಯಲ್ಲಿ ಅಧಿಕಾರಿಯೊಬ್ಬರು ಪುರಾವೆ ಕೇಳಿದಾಗ ಒಬ್ಬ ಕೂಲಿ ಕೆಲಸದವ ಎದ್ದು ಆ ಕಾಗದ ತೋರಿಸಿದನಂತೆ. ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರ ಮೇ 13ಕ್ಕೆ. ನಮಗೆ ಹತ್ತಿರದ ಕೊಯಿಲದಲ್ಲಿ ಎಂಡೋ ಪೀಡಿತ ಮಕ್ಕಳ ಪಾಲನಾ ಕೇಂದ್ರ ಉಂಟು, ಹೋಗಿ ನೋಡಿ ಬನ್ನಿ.

ಆ ಲೇಖನ ದುಡ್ಡು ಕೇಳುವ ಪತ್ರಿಕೆಯಲ್ಲಿ ಬಂದಿದ್ದರೆ? ಆಗಿನ ಲೆಕ್ಕದಲ್ಲಿ ಒಂದು ಲೇಖನಕ್ಕೆ ನಮ್ಮವರ ಎಷ್ಟೋ ದಿನದ ಕೂಲಿ ಹೋಗುತ್ತಿತ್ತು. ಕಪಾಟಿನ ಬೀಗ ತೆಗೆದು ನಾವು ಖುಷಿಪಡುವಷ್ಟರಲ್ಲಿ ಬೀಗ ಕಂಪ್ಯೂಟರಿನೊಳಗೆ ಹೋಗಿ ಕೂತಿತ್ತು, ಕೀಲಿ ಆಮ್‌ಸ್ಟರ್‌ಡ್ಯಾಮಿನಲ್ಲೋ ನ್ಯೂಯಾರ್ಕಿನಲ್ಲೋ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಟಿ.ಬಿ. ರಾಜಶೇಖರ್ ಮತ್ತು ಗೆಳೆಯರು ತಮ್ಮ ವಿಜ್ಞಾನಿಗಳ ಲೇಖನಗಳನ್ನು ಎಲ್ಲರಿಗೂ ತೆರೆದಿಡುವ ಭಂಡಾರ ಕಟ್ಟಿದರು, ದೇಶಕ್ಕೆ ದಾರಿ ತೋರಿಸಿದ ಕೆಲಸ ಅದು. ಈಗ ಕೇಂದ್ರ ಸರಕಾರ 'ಒಂದು ದೇಶ ಒಂದು ಚಂದಾ' ಅಂತ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು 30 ಪ್ರಕಾಶಕರ ಸುಮಾರು 13,000 ಪತ್ರಿಕೆ ತೆರೆಸಿದೆ. 2025ರಿಂದ ಜಾರಿ. ಸರಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಾಲೇಜಿನಲ್ಲಿ ಓದುವ ನಮ್ಮ ಹುಡುಗಿ ಹೊರಗೆ. ಕಾಲೇಜಿನಲ್ಲೇ ಇಲ್ಲದ ಎಂಡೋ ಪೀಡಿತ ಮಗುವಿನ ಅಮ್ಮ ಹೊರಗೆ. ಎಲ್ಲರ ತೆರಿಗೆಯ ದುಡ್ಡಲ್ಲವಾ ಅದು? ಪಂಚಾಯತು ಲೈಬ್ರರಿಗಳಿಗೆ ಈಗ 'ಅರಿವು ಕೇಂದ್ರ' ಅಂತ ಚಂದದ ಹೆಸರು ಇಟ್ಟಿದ್ದಾರೆ. ಅಲ್ಲಿಯ ಕಂಪ್ಯೂಟರಿಗೂ ಈ ಚಂದಾ ಕೊಡಿ ಅಂತ ನಾವು ಯಾಕೆ ಕೇಳಬಾರದು? ಡಿ.ಸಿ. ಮನ್ನಾ ಜಾಗಕ್ಕೆ ಅರ್ಜಿ ಕೊಡುವಾಗ ಇದಕ್ಕೂ ಒಂದು ಅರ್ಜಿ ಜೊತೆಗಿರಲಿ. ಒಕ್ಕಣೆ ನಾನು ಬರೆದಿಟ್ಟಿದ್ದೇನೆ, ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.

ಅಲ್ಲಿಯ ತನಕ ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಯಾವುದಾದರೂ ಲೇಖನ ಸಿಗದೆ ಹೋದರೆ ಅದರ ಹೆಸರು ಕಮೆಂಟಿನಲ್ಲಿ ಹಾಕಿ. ಲೇಖನ ಬರೆದವರಿಗೇ ಈಮೇಲ್ ಮಾಡಿ ಕೇಳಿದರೆ ಹೆಚ್ಚಿನವರು ಕಳಿಸ್ತಾರೆ. ಹೇಗೆ ಬರೆಯುವುದು ಅಂತ ಗೊತ್ತಿಲ್ಲದಿದ್ದರೆ ಭಾನುವಾರ ಆಲಂಕಾರಿಗೆ ಬನ್ನಿ, ನಾನು ಮನೆಯಲ್ಲೇ ಇರ್ತೇನೆ.